ಎಡಗಡೆಯ ಪರದೆ

ಜನವರಿ ೯

ಮಗಳೇ,

ನನ್ನ ಮೇಜಿನ ಎಡಗಡೆಯ ಪರದೆ ಕೆಟ್ಟಿದೆ. ಅದೊಂದನ್ನೇ ಬದಲಾಯಿಸುವುದೋ, ಎರಡನ್ನೂ ತೆಗೆದುಹಾಕಿ ಈಗ ಎಲ್ಲರೂ ಕೊಳ್ಳುತ್ತಿರುವ ಆ ಉದ್ದನೆಯ ಒಂದೇ ಪರದೆ ತರುವುದೋ ಎಂದು ಕೇಳಲು ಬರೆಯುತ್ತಿದ್ದೇನೆ.

ಕೆಟ್ಟಿದೆ ಎಂದರೆ ಪೂರ್ತಿ ಕೆಟ್ಟಿಲ್ಲ. ಬೆಳಕು ಬರುತ್ತದೆ, ಆದರೆ ಅಕ್ಷರ ನುಂಗುತ್ತದೆ. ಸಾಲಿನ ಮೊದಲ ಎರಡು ಮೂರು ಪದಗಳು ಇರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇರುತ್ತವೆ. ಅಂಗಡಿಗೆ ತೆಗೆದುಕೊಂಡು ಹೋದೆ. ಕೆಳಮನೆಯ ದರ್ಜಿ ಜೊತೆಗೆ ಬಂದಳು, ಹೊತ್ತದ್ದೂ ಅವಳೇ. ಅಂಗಡಿಯವನು ಅದಕ್ಕೆ ತಂತಿ ಸಿಕ್ಕಿಸಿ, ಬಣ್ಣಬಣ್ಣದ ಪಟ್ಟೆ ತೋರಿಸಿ, "ಏನೂ ಆಗಿಲ್ಲವಲ್ಲ ಮೇಡಂ, ಚೆನ್ನಾಗೇ ಇದೆ" ಎಂದ.

"ನಮ್ಮನೇಲಿ ಕೆಡುತ್ತೆ" ಎಂದೆ.

"ಹಾಗಾದ್ರೆ ಮನೇನೇ ರಿಪೇರಿ ಮಾಡಿಸಬೇಕು."

ದರ್ಜಿ ದಾರಿಯುದ್ದಕ್ಕೂ ನಕ್ಕಳು. ನನಗೆ ನಗು ಬರಲಿಲ್ಲ. ಅವನಿಗೆ ಹೊಸದು ಮಾರಬೇಕಾಗಿದೆ, ಅಷ್ಟೇ. ಎರಡು ಪರದೆಯ ನಡುವಿನ ಕಪ್ಪು ಅಂಚು ಇರುವುದಿಲ್ಲ, ತಂತಿ ಒಂದೇ ಸಾಕು, ಕತ್ತು ನೋಯುವುದಿಲ್ಲ ಎಂದು ಹೇಳಿ ಕಳಿಸಿದ.

ನನ್ನ ಕೆಲಸ ನಿನಗೆ ಗೊತ್ತು. ಎಡಕ್ಕೆ ಮೂಲ ಪುಸ್ತಕ, ಬಲಕ್ಕೆ ನನ್ನ ಅನುವಾದ. ಓದು, ತಿರುಗು, ಬರೆ. ಇದಿಷ್ಟಕ್ಕೆ ಯಾವುದು ಒಳ್ಳೆಯದು? ಊರಿಗೆಲ್ಲ ನೀರು ಬಿಡುವ ಕೊಠಡಿಯಲ್ಲಿ ದಿನವಿಡೀ ಪರದೆ ಜೋಡಿಸುವವಳು ನೀನು. ಮನೆಯಲ್ಲೇ ಬಾವಿ ಇಟ್ಟುಕೊಂಡು ಅಂಗಡಿಯವನ ಹತ್ತಿರ ನೀರು ಕೇಳುವುದು ಯಾಕೆ ಅಂದುಕೊಂಡೆ.

ಈಗ ಕೈಯಲ್ಲಿರುವುದು ಒಂದು ಕಾದಂಬರಿ. ಹಡಗು ಬಂದಾಗ ಸೇತುವೆ ಎತ್ತುವ ಕೆಲಸದವನು, ಅವನ ಹೆಂಡತಿ, ಸೇತುವೆಯ ಬುಡದಲ್ಲಿ ಅವರ ಮನೆ. ನಾಲ್ಕು ಅಧ್ಯಾಯ ಆಗಿದೆ. ಮುಂದೇನು ಎಂದು ನನ್ನನ್ನು ಕೇಳಬೇಡ. ಎಂದಿನಂತೆ, ಅನುವಾದಿಸಿದಷ್ಟೇ ಓದಿದ್ದೇನೆ. ಕೊನೆ ಗೊತ್ತಾದ ಮೇಲೆ ಕೆಲಸದ ಹಸಿವು ಹೋಗಿಬಿಡುತ್ತದೆ.

ಇಂತಿ,
ಅಮ್ಮ


ಜನವರಿ ೧೮

ಅಮ್ಮ,

ನಿನ್ನ ಪ್ರಶ್ನೆಗೆ ಉತ್ತರ: ಎರಡು.

ಹೋದ ವರ್ಷ ನಮ್ಮ ಕೊಠಡಿಯಲ್ಲಿಯೂ ಇದೇ ಜಗಳ ನಡೆಯಿತು. ಮೇಲಿನವರಿಗೆ ಒಂದೇ ಉದ್ದನೆಯ ಪರದೆ ಬೇಕಾಗಿತ್ತು. ಬಂದು ಹೋಗುವವರಿಗೆ ತೋರಿಸಲು ಚೆಂದ. ಪಾಳಿಯ ಹಿರಿಯನೊಬ್ಬನಿದ್ದಾನೆ, ಎಲ್ಲರೂ ಮಾವ ಎನ್ನುತ್ತೇವೆ. ಮಾದರಿಗೆ ತಂದದ್ದನ್ನು ನೋಡಿ, "ಕೆಲಸ ಮಾಡೋಕೆ ಇಟ್ಟಿದ್ದೀರೋ ಸಿನಿಮಾ ನೋಡೋಕೋ? ಟಿಕೆಟ್ ಎಲ್ಲಿ ತಗೋಬೇಕು?" ಎಂದು ಕೇಳಿದ.

ಉದ್ದನೆಯದು ಕೆಟ್ಟದ್ದೇನಲ್ಲ. ನಡುವೆ ಕಡಿಯದ ಒಂದೇ ದೊಡ್ಡ ಚಿತ್ರ ನೋಡುವವರಿಗೆ ಅದೇ ಸರಿ. ಆದರೆ ಅದರಲ್ಲಿ ಯಾವ ಪುಟ ಎಲ್ಲಿರಬೇಕು ಎಂದು ದಿನಾ ನೀನೇ ಜೋಡಿಸಿಕೊಳ್ಳಬೇಕು. ಎರಡಿದ್ದರೆ ಒಂದೊಂದಕ್ಕೂ ತನ್ನ ಜಾಗ ಇರುತ್ತದೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ನೀನು ಮೇಜಿನ ಮೇಲೆ ಚಮಚ ಅತ್ತಿತ್ತ ಆದರೂ ಸಹಿಸುವವಳಲ್ಲ. ಜೊತೆಗೆ, ಒಂದು ಕೆಟ್ಟರೆ ಇನ್ನೊಂದರಲ್ಲಿ ಆ ದಿನದ ಕೆಲಸ ಮುಗಿಸಬಹುದು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡು. ಈಗಿರುವ ಎರಡು ಪರದೆಗಳನ್ನು ಅದಲು ಬದಲು ಮಾಡಿ ಇಡು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬಲಕ್ಕೆ ಬಂದ ಮೇಲೂ ಅದು ಅಕ್ಷರ ನುಂಗಿದರೆ ತಪ್ಪು ಪರದೆಯದ್ದು. ಇಲ್ಲದಿದ್ದರೆ ಬೇರೆ ಎಲ್ಲೋ ಇದೆ. ಮಾಡಿ ನೋಡಿ ಬರೆ.

ಇಲ್ಲಿ ಎಲ್ಲ ಸರಿಯಾಗಿದೆ.

ಮಗಳು


ಫೆಬ್ರವರಿ ೬

ಮಗಳೇ,

ಉದ್ದನೆಯದನ್ನೇ ತಂದೆ. ಹುಬ್ಬು ಗಂಟಿಕ್ಕಬೇಡ. ನಿನ್ನ ಪತ್ರ ಎರಡು ಸಲ ಓದಿದೆ, ಎಲ್ಲವೂ ಸರಿ ಎನಿಸಿತು, ಆಮೇಲೆ ಅಂಗಡಿಗೆ ಹೋಗಿ ಅದನ್ನೇ ತೋರಿಸಿದೆ. ಅದಲು ಬದಲು ಮಾಡಲಿಲ್ಲ. ಮೇಜಿನ ಹಿಂದೆ ಬಗ್ಗಿ ತಂತಿ ಹುಡುಕುವ ವಯಸ್ಸು ನನ್ನದಲ್ಲ.

ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಿದೆ. ದರ್ಜಿ ಬಾಗಿಲಲ್ಲೇ ನಿಂತು, "ಇದೇನಕ್ಕಾ, ಮನೆಗೆ ಇನ್ನೊಂದು ಕಿಟಕಿ ಹಾಕಿಸಿಬಿಟ್ರಾ?" ಎಂದಳು. ಅಕ್ಷರ ನುಂಗುವುದು ನಿಂತಿದೆ. ನಾನು ಹೇಳಿರಲಿಲ್ಲವೇ? ಇಷ್ಟು ಅಗಲ ನನಗೆ ಬೇಕಾಗುವುದೇ ಇಲ್ಲ. ಮೂಲವನ್ನೂ ನನ್ನದನ್ನೂ ಬಲಕ್ಕೆ ಒತ್ತಿ ಇಟ್ಟುಕೊಂಡಿದ್ದೇನೆ, ಹಾಗಿದ್ದರೆ ಹಾಯೆನಿಸುತ್ತದೆ.

ಒಂದೇ ತೊಂದರೆ, ಅದನ್ನು ನಿನಗಲ್ಲದೆ ಯಾರಿಗೂ ಹೇಳಲಾಗದು. ಮೊದಲು ಮೂಲದಿಂದ ನನ್ನ ಪುಟಕ್ಕೆ ಬರಬೇಕಾದರೆ ಕತ್ತು ತಿರುಗಿಸಬೇಕಿತ್ತು, ಆ ಕಪ್ಪು ಅಂಚು ದಾಟಬೇಕಿತ್ತು. ಅಷ್ಟರಲ್ಲಿ ಆ ಭಾಷೆಯ ವಾಕ್ಯ ಮರೆತು, ಅದು ಹೇಳಿದ್ದು ಮಾತ್ರ ಉಳಿಯುತ್ತಿತ್ತು. ಈಗ ವಾಕ್ಯ ಇಡಿಯಾಗಿ ನನ್ನ ಹಿಂದೆಯೇ ಬಂದುಬಿಡುತ್ತದೆ. ಐದನೆಯ ಅಧ್ಯಾಯದಲ್ಲಿ ಎಲ್ಲರೂ ಬಾಡಿಗೆಯ ಬಟ್ಟೆ ಹಾಕಿಕೊಂಡವರಂತೆ ಓಡಾಡುತ್ತಿದ್ದಾರೆ. ಮೂರು ಸಲ ತಿದ್ದಿದೆ. ಈಗ ಒಂದು ಉಪಾಯ ಕಂಡುಕೊಂಡಿದ್ದೇನೆ: ಒಂದು ಪ್ಯಾರಾ ಓದಿ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಬರೆಯುವುದು. ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದೇನೆ ಎಂದು ನಿಮ್ಮ ಕೊಠಡಿಯವರು ಲೆಕ್ಕ ಹಿಡಿದಾರು.

ಎದ್ದು ಹೋಗುವಾಗಲೆಲ್ಲ ಬಾಗಿಲ ಚೌಕಟ್ಟು ಎಡಭುಜಕ್ಕೆ ಹೊಡೆಯುತ್ತದೆ. ನೀಲಿ ಕಟ್ಟಿದೆ. ದರ್ಜಿ ಒಂದು ದಿನ ಊಟಕ್ಕೆ ಕರೆದಿದ್ದಳು. ಎದ್ದು ಕೈ ತೊಳೆಯಲು ಹೊರಟರೆ, "ಅಕ್ಕಾ, ಅರ್ಧ ತಟ್ಟೆ ನಿಮಗೆ, ಅರ್ಧ ಬೆಕ್ಕಿಗಾ?" ಎಂದು ಕೇಳಿದಳು. ನಾನು ಎಲ್ಲ ತಿಂದಿದ್ದೇನೆ ಎಂದೇ ತಿಳಿದಿದ್ದೆ. ಅವಳು ತಟ್ಟೆ ತಿರುಗಿಸಿಟ್ಟಳು, ಇನ್ನೂ ಇತ್ತು. ವಯಸ್ಸಾಯಿತು, ಗಮನ ಎಲ್ಲೋ ಇರುತ್ತದೆ. ಹೋದ ವರ್ಷದ ಕೊನೆಗೆ ಒಂದು ಮಧ್ಯಾಹ್ನ ತಲೆ ಸುತ್ತಿ ಮಲಗಿದ್ದೆ, ಅಂದಿನಿಂದ ಸ್ವಲ್ಪ ಹೀಗೆ.

ಇಂತಿ,
ಅಮ್ಮ


ಫೆಬ್ರವರಿ ೧೩

ಅಮ್ಮ,

ತಲೆ ಸುತ್ತಿದ್ದು ಎಷ್ಟು ಹೊತ್ತು? ಡಾಕ್ಟರಿಗೆ ತೋರಿಸಿದೆಯಾ? ಪರದೆಯ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಇದಕ್ಕೆ ಉತ್ತರ ಬರೆ.

ಮಗಳು


ಮಾರ್ಚ್ ೧೧

ಮಗಳೇ,

ನಿನ್ನ ಚೀಟಿ ಬಂದಿತ್ತು. ಆರಾಮವಾಗಿದ್ದೇನೆ. ಉತ್ತರ ಬರೆಯದಿದ್ದುದಕ್ಕೆ ಕಾರಣ ಕೆಲಸ. ಇಷ್ಟು ಚೆನ್ನಾಗಿ ಕೆಲಸ ನಡೆದು ಬಹಳ ದಿನವಾಗಿತ್ತು.

ಏಳನೆಯ ಅಧ್ಯಾಯ ಮುಗಿಯಿತು. ಸೇತುವೆಯವನು ಸಂಜೆ ಅಡುಗೆಮನೆಯಲ್ಲಿ ಕುಳಿತಿದ್ದಾನೆ. ಮಾತಾಡುತ್ತಾನೆ. ಬೇರೆ ಏನೂ ಆಗುವುದಿಲ್ಲ. ಅವನಿಗೆ ಯಾರೂ ಉತ್ತರ ಕೊಡುವುದಿಲ್ಲ. ಹೆಂಡತಿ ಮನೆಯಲ್ಲಿದ್ದಾಳೋ ಇಲ್ಲವೋ ಕೂಡ ಗೊತ್ತಾಗುವುದಿಲ್ಲ. ಹಿಂದಿನ ಅಧ್ಯಾಯದ ಕೊನೆಗೆ ಅವಳು ಬಾಗಿಲು ಹಾಕಿಕೊಂಡಳು, ಅಷ್ಟೇ. ನೋಡು:

"ಗಾಳಿ ತಿರುಗಿದೆ. ನಾಳೆ ಹಡಗು ಬರಲಿಕ್ಕಿಲ್ಲ.
ದೀಪ ಒಂಚೂರು ಈ ಕಡೆ ಸರಿಸು.
ನಾನು ಹೇಳಿದ್ದು ಕೇಳಿಸಿತಾ?
ಇರಲಿ. ಈ ಮನೇಲಿ ಮಾತಾಡೋನು ನಾನೊಬ್ಬನೇ."

ಹೀಗೆ ಹನ್ನೊಂದು ಪುಟ. ಸಾಲಿಗೂ ಸಾಲಿಗೂ ನಡುವೆ ಬಿಟ್ಟ ಜಾಗ ಎಷ್ಟೋ ಕಡೆ ಸಾಲಿಗಿಂತ ದೊಡ್ಡದಾಗಿದೆ. ಇಂಥ ಲೇಖಕನನ್ನು ನಾನು ಈವರೆಗೆ ಅನುವಾದಿಸಿರಲಿಲ್ಲ. ಎದ್ದು ಹೋಗಿ ನೀರು ಕುಡಿಯುವ ಕೆಲಸವೇ ಬೀಳಲಿಲ್ಲ. ಉತ್ತರ ಬರದ ಮನುಷ್ಯ ಹೇಗೆ ಮಾತಾಡುತ್ತಾನೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪುಟಗಳನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹೀಗೆ ಕಳಿಸಿ ಬಹಳ ಕಾಲವಾಯಿತು ಎಂದು ಗೊತ್ತು. ಮೂಲವನ್ನೂ ಇಟ್ಟಿದ್ದೇನೆ. ಆ ಭಾಷೆ ಮರೆಯದಿರಲಿ ಎಂದು ಅಷ್ಟೇ, ಹೋಲಿಸುತ್ತಾ ಕೂರಬೇಡ. ಸುಮ್ಮನೆ ಓದು.

ಸಂಪಾದಕರಿಗೆ ಈ ತಿಂಗಳ ಕೊನೆಗೆ ಕಳಿಸುತ್ತೇನೆ.

ಇಂತಿ,
ಅಮ್ಮ


ಮಾರ್ಚ್ ೨೨

ಅಮ್ಮ,

ಬೆಳಿಗ್ಗೆಯಿಂದ ಫೋನು ಮಾಡುತ್ತಿದ್ದೇನೆ. ಕೆಲಸಕ್ಕೆ ಕೂತಾಗ ಆರಿಸಿಡುತ್ತೀಯ ಎಂದು ಗೊತ್ತು. ಅದಕ್ಕೇ ಇದನ್ನು ಅಂಚೆಗೆ ಹಾಕದೆ ನಿನ್ನ ಪರದೆಗೇ ಕಳಿಸುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದು.

ನಿನ್ನ ಏಳನೆಯ ಅಧ್ಯಾಯ ಓದಿದೆ. ತುಂಬ ಚೆನ್ನಾಗಿದೆ. ಇದನ್ನು ಮೊದಲು ಹೇಳುತ್ತಿರುವುದು ಆಮೇಲಿನದನ್ನು ಮೆತ್ತಗೆ ಮಾಡಲಿಕ್ಕಲ್ಲ. ನಿಜವಾಗಿಯೂ ಚೆನ್ನಾಗಿದೆ.

ಆಮೇಲೆ ಮೂಲ ತೆರೆದೆ. ನೀನು ಬೇಡ ಎಂದಿದ್ದೆ, ಕೈ ಕೇಳಲಿಲ್ಲ. ಆ ಅಧ್ಯಾಯದ ಪುಟಗಳು ಬೇರೆ ಪುಟಗಳ ಹಾಗಿಲ್ಲ. ಪ್ರತಿ ಪುಟದಲ್ಲಿಯೂ ಎರಡು ಕಂಬಗಳಿವೆ, ಪತ್ರಿಕೆಯಲ್ಲಿ ಇರುವಂತೆ. ಬಲಗಡೆಯ ಕಂಬದಲ್ಲಿ ಗಂಡನ ಮಾತು. ಎಡಗಡೆಯ ಕಂಬದಲ್ಲಿ ಹೆಂಡತಿಯದು. ಹನ್ನೊಂದು ಪುಟದಲ್ಲಿಯೂ ಅವಳು ಇದ್ದಾಳೆ. ನಿನ್ನ ಅನುವಾದದಲ್ಲಿ ಅವಳದ್ದು ಒಂದು ಸಾಲೂ ಇಲ್ಲ.

ನೀನು ಬಿಟ್ಟುಬಿಡುವವಳಲ್ಲ. ಮೂವತ್ತು ವರ್ಷದಲ್ಲಿ ಒಂದು ಅಲ್ಪವಿರಾಮವನ್ನೂ ಬಿಟ್ಟವಳಲ್ಲ. ಆದ್ದರಿಂದ ಅವಳು ನಿನಗೆ ಕಾಣಿಸಿಲ್ಲ ಎಂದೇ ಅರ್ಥ. ಸಾಲಿನ ಮೊದಲ ಪದಗಳು ಕಾಣದಿದ್ದದ್ದು, ಎಡಭುಜ, ಅರ್ಧ ತಟ್ಟೆ, ಎಲ್ಲವನ್ನೂ ನೀನೇ ನನಗೆ ಬರೆದಿದ್ದೀಯ. ನಾನೇ ಒಟ್ಟಿಗಿಟ್ಟು ಓದಲಿಲ್ಲ. ಆ ಪರದೆ ಕೆಟ್ಟಿರಲಿಲ್ಲ ಅಮ್ಮ.

ಕೆಳಮನೆಯ ದರ್ಜಿ ಅಕ್ಕನ ಹತ್ತಿರ ಮಾತಾಡಿದ್ದೇನೆ. ನಾಳೆ ಬೆಳಿಗ್ಗೆ ಅವರು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ನನ್ನ ಪಾಳಿಯನ್ನು ಮಾವ ನೋಡಿಕೊಳ್ಳುತ್ತಾನೆ, ನಾನು ನಾಳೆ ಸಂಜೆಯೊಳಗೆ ಬರುತ್ತೇನೆ. ಅಧ್ಯಾಯವನ್ನು ಸಂಪಾದಕರಿಗೆ ಕಳಿಸಬೇಡ.

ಮಗಳು


ಮಾರ್ಚ್ ೨೩, ಬೆಳಿಗ್ಗೆ

ಮಗಳೇ,

ಹಿಂದೊಮ್ಮೆ ನನ್ನ ಅನುವಾದದ ಪುಟಗಳನ್ನು ನೀನು ತಿದ್ದಿ ಕಳಿಸಿದ್ದಾಗ ಓದದೆ ವಾಪಸು ಮಾಡಿದ್ದೆ. ಅದರ ಬಡ್ಡಿ ಇಷ್ಟು ಬೆಳೆದಿರುತ್ತದೆ ಎಂದು ಗೊತ್ತಿರಲಿಲ್ಲ. ನನ್ನ ಅನುವಾದದಲ್ಲಿ ತಪ್ಪಿದೆ ಎಂದು ಹೇಳಲು ನನಗೊಂದು ಕಾಯಿಲೆ ಅಂಟಿಸಬೇಕಿತ್ತೇ?

ಈ ಪುಟವನ್ನು ದಿನಾ ನೋಡಿದವಳು ನಾನು. ಅಲ್ಲಿ ಬೇರೆ ಕಂಬ ಇಲ್ಲ.

ದರ್ಜಿ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ನಿಂತು, "ಬರ್ತೀರೋ, ಇಲ್ಲಾ ಅಳತೆ ಟೇಪಲ್ಲಿ ಕಟ್ಟಿ ಎಳ್ಕೊಂಡು ಹೋಗ್ಲೋ" ಎಂದು ಕೂಗುತ್ತಿದ್ದಾಳೆ. ಅವಳ ಕೆಲಸ ಕೆಡಬಾರದು ಎಂದು ಹೋಗುತ್ತಿದ್ದೇನೆ. ನಿನ್ನ ಮಾತಿಗಲ್ಲ.

ಅಮ್ಮ


ಏಪ್ರಿಲ್ ೧೬

ಮಗಳೇ,

ನೀನು ಹೋದ ಮೇಲೆ ಮನೆ ಅಚ್ಚುಕಟ್ಟಾಗಿದೆ. ಬಾಗಿಲ ಚೌಕಟ್ಟಿಗೆ ನೀನು ಅಂಟಿಸಿದ ಕೆಂಪು ಪಟ್ಟಿ ಹಾಗೇ ಇದೆ. ಮಾತ್ರೆ ತಪ್ಪಿಸಿಲ್ಲ.

ಆಸ್ಪತ್ರೆಯಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ. ನೀನು ಬಂದ ಮರುದಿನ ಆ ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟುಕೊಂಡು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರಲ್ಲ, ಆಗ ನೀನು ನನ್ನ ಹಿಂದೆ ನಿಂತಿದ್ದೆ. ಸ್ವಲ್ಪ ಹೊತ್ತು ಚುಕ್ಕೆಗಳು ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಕಾದೆ. "ಯಂತ್ರ ನಿಂತುಹೋಯ್ತಾ?" ಎಂದು ಕೇಳಿದೆ. "ಇಲ್ಲಮ್ಮಾ, ನಡೀತಾನೇ ಇದೆ" ಎಂದರು ಡಾಕ್ಟರು. ಆ ಹೊತ್ತಿನಲ್ಲಿ ನಿನ್ನ ಕೈ ನನ್ನ ಬೆನ್ನ ಮೇಲೆ ಬಂತು.

"ಕಣ್ಣು ಚೆನ್ನಾಗೇ ಇದೆ. ತಲೆ ಹಿಂದೆ ನೋಡೋ ಜಾಗ ಅಂತ ಇರುತ್ತೆ, ಅಲ್ಲೊಂದು ಸಣ್ಣ ರಕ್ತನಾಳ ಕಟ್ಟಿದೆ. ಎರಡೂ ಕಣ್ಣಿನ ಎಡಭಾಗ ಹೋಗಿದೆ" ಎಂದು ಡಾಕ್ಟರು ಎಷ್ಟು ಸಲೀಸಾಗಿ ಹೇಳಿದರು. ಮಿದುಳು ಖಾಲಿ ಜಾಗವನ್ನು ಮುಚ್ಚಿ ಹಾಕುತ್ತದೆಯಂತೆ, ಅದಕ್ಕೇ ಅಲ್ಲಿ ಕತ್ತಲೆ ಕೂಡ ಕಾಣುವುದಿಲ್ಲವಂತೆ. ಕತ್ತಲೆಯಾದರೂ ಕಂಡಿದ್ದರೆ ನಾನು ದೀಪ ಹಾಕುತ್ತಿದ್ದೆ. ಇಲ್ಲದ್ದು ಇಲ್ಲ ಎಂದು ಹೇಗೆ ತಿಳಿಯಬೇಕು?

ನೀನು ಹೊರಟ ಮೇಲೆ ಏಳನೆಯ ಅಧ್ಯಾಯದ ಮೂಲ ಪುಟಗಳನ್ನು ತೆಗೆದೆ. ಕಲಿಸಿದಂತೆ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಕಾಗದದ ಅಂಚು ಸಿಗುವವರೆಗೆ ಹೋಗಿ, ಅಲ್ಲಿಂದ ಓದುತ್ತಾ ಬಂದೆ. ಒಂದು ಪುಟಕ್ಕೆ ಒಂದು ಸಂಜೆ ಹಿಡಿಯಿತು. ಅವನು ಗಾಳಿ ತಿರುಗಿದೆ ಎನ್ನುತ್ತಾನೆ; ಅವಳು, "ಬೆಳಿಗ್ಗೆ ಮತ್ತೆ ತಿರುಗುತ್ತೆ, ಬರುತ್ತೆ" ಎನ್ನುತ್ತಾಳೆ. ದೀಪ ಸರಿಸು ಎನ್ನುತ್ತಾನೆ, "ಸರಿಸಿದೀನಿ" ಎನ್ನುತ್ತಾಳೆ. ಕೇಳಿಸಿತಾ ಎನ್ನುತ್ತಾನೆ, "ಕೇಳಿಸ್ತು" ಎನ್ನುತ್ತಾಳೆ. ಹನ್ನೊಂದು ಪುಟದಲ್ಲಿಯೂ ಹೀಗೇ. ನಾನು ಅವನಿಗೆ ಎಷ್ಟು ಮರುಗಿದ್ದೆ. ಅವನಿಗೆ ಪ್ರತಿ ಮಾತಿಗೂ ಉತ್ತರ ಬರುತ್ತಿತ್ತು.

ಈಗ ವಿಷಯ. ಪುಸ್ತಕವನ್ನು ಹಿಂದಕ್ಕೆ ಕೊಡುತ್ತೇನೆ. ಸಂಪಾದಕರು ರಜೆಯ ಮೇಲಿದ್ದಾರೆ, ಬಂದ ಕೂಡಲೇ ಬೇರೆ ಯಾರಿಗಾದರೂ ಕೊಡಿ ಎನ್ನುತ್ತೇನೆ. ಕಾರಣ ಕತ್ತುನೋವು ಎಂದರೆ ಸಾಕು. ಉದ್ದನೆಯ ಪರದೆಯನ್ನು ಅಂಗಡಿಯವನು ಅರ್ಧ ಬೆಲೆಗೆ ವಾಪಸು ತೆಗೆದುಕೊಳ್ಳುತ್ತಾನಂತೆ. ನಾನು ಅದರ ಅರ್ಧವನ್ನೇ ಬಳಸಿದ್ದೇನೆ ಎಂದು ಅವನಿಗೆ ಹೇಗೆ ಗೊತ್ತಾಯಿತೋ.

ಇಂತಿ,
ಅಮ್ಮ


ಏಪ್ರಿಲ್ ೨೪

ಅಮ್ಮ,

ನೀನು ಕೇಳಿದ್ದ ಮೊದಲ ಪ್ರಶ್ನೆಗೆ ಈಗ ಇನ್ನೊಮ್ಮೆ ಉತ್ತರ ಬರೆಯುತ್ತೇನೆ. ಉತ್ತರ ಅದೇ, ಕಾರಣ ಬೇರೆ.

ಉದ್ದನೆಯ ಪರದೆ ನಿನಗೆ ಆಗುವುದಿಲ್ಲ. ಅದಕ್ಕೆ ನಡುವೆ ಅಂಚಿಲ್ಲ. ನಿನ್ನ ನೋಟ ಎಲ್ಲಿ ನಿಲ್ಲುತ್ತದೋ ಪುಟ ಅಲ್ಲಿಗೇ ಮುಗಿದಂತೆ ತೋರುತ್ತದೆ. ಎರಡು ಪರದೆ ಇಟ್ಟರೆ ನಡುವೆ ಎಲ್ಲರೂ ಬೈಯುವ ಆ ಕಪ್ಪು ಅಂಚು ಬರುತ್ತದಲ್ಲ, ನಿನಗೆ ಬೇಕಾದದ್ದು ಅದೇ. ಎಡಕ್ಕೆ ತಿರುಗುವಾಗ ಅಂಚು ಸಿಕ್ಕಿತು ಎಂದರೆ ಆಚೆ ಇನ್ನೊಂದು ಪರದೆ ಇದೆ ಎಂದು ಅರ್ಥ. ಅದರ ಆಚೆಯ ಅಂಚಿಗೂ ಕೆಂಪು ಪಟ್ಟಿ ಅಂಟಿಸು. ಅದು ಕಾಣುವವರೆಗೆ ತಿರುಗುವುದನ್ನು ನಿಲ್ಲಿಸಬೇಡ.

ಸಣ್ಣದೊಂದೇ ಪರದೆ ಬಲಕ್ಕೆ ಇಟ್ಟುಕೊಂಡರೆ ಸಾಲದೇ ಎಂದು ನೀನು ಆಸ್ಪತ್ರೆಯಲ್ಲಿ ಕೇಳಿದ್ದೆ. ಸಾಲುತ್ತದೆ. ಆದರೆ ಎಡಕ್ಕೆ ತಿರುಗುವ ಕೆಲಸವೇ ಇಲ್ಲದಿದ್ದರೆ ತಿರುಗುವುದು ಮರೆತುಹೋಗುತ್ತದೆ, ಆಮೇಲೆ ರಸ್ತೆ ದಾಟುವಾಗಲೂ ತಿರುಗುವುದಿಲ್ಲ.

ಇನ್ನೊಂದು ಮಾತು. ಪರದೆಗಳ ಕೆಲಸವನ್ನು ಅದಲು ಬದಲು ಮಾಡು. ಮೂಲವನ್ನು ಬಲಕ್ಕೆ ಇಡು, ನಿನ್ನದನ್ನು ಎಡಕ್ಕೆ. ನಿನ್ನ ಬರಹದಲ್ಲಿ ಒಂದು ಸಾಲು ಕಾಣೆಯಾದರೆ ನಿನಗೆ ಗೊತ್ತಾಗುತ್ತದೆ, ಅಲ್ಲಿ ಏನಿರಬೇಕು ಎಂದು ನೀನು ಬಲ್ಲೆ. ಮೂಲದಲ್ಲಿ ಕಾಣೆಯಾದರೆ ಗೊತ್ತಾಗುವುದಿಲ್ಲ. ನಮ್ಮಲ್ಲಿಯೂ ಹೀಗೇ ಮಾಡುತ್ತೇವೆ. ತಾನೇ ತೆರೆದ ನೀರಿನ ಕವಾಟ ಕಣ್ಣ ತುದಿಯಲ್ಲಿದ್ದರೂ ಪರವಾಗಿಲ್ಲ. ಹೇಳದೆ ಬರುವ ಸುದ್ದಿ ಕಣ್ಣೆದುರಿಗೆ ಇರಬೇಕು.

ಮಾವನಿಗೆ ಈ ವಿಷಯ ಹೇಳಿದೆ. ಅವನು, "ನಮ್ಮನೇಲಿ ನನಗೆ ಎರಡೂ ಕಣ್ಣು ಪೂರ್ತಿ ಇದೆ, ಆದ್ರೂ ನಮ್ಮಾಕೆ ಹೇಳಿದ್ದು ಕಾಣಲ್ಲ, ಕೇಳಲ್ಲ. ನಾನೂ ಒಂದು ಪಟ್ಟಿ ಅಂಟಿಸ್ಕೋಬೇಕು" ಎಂದ.

ಪುಸ್ತಕ ಹಿಂದಕ್ಕೆ ಕೊಡುವುದು ನಿನ್ನ ಇಷ್ಟ. ಕತ್ತುನೋವು ಎಂದು ಹೇಳುವುದು ಮಾತ್ರ ಬೇಡ. ಕತ್ತುನೋವಿನವರಿಗೆ ಆರು ತಿಂಗಳ ಮೇಲೆ ಮತ್ತೆ ಪುಸ್ತಕ ಕಳಿಸುತ್ತಾರೆ, ಆಗ ಏನು ಹೇಳುತ್ತೀಯ?

ಹೆಂಡತಿಯ ಭಾಗವನ್ನು ನಾನು ಮಾಡಿಕೊಡಲೇ ಎಂದು ಕೇಳುವುದಿಲ್ಲ. ನನಗೆ ಬರುವುದಿಲ್ಲ. ನನಗೆ ಬರುವುದು ಹೋಲಿಸಿ ನೋಡುವುದೊಂದೇ. ಅದು ನಿನಗೆ ಇಷ್ಟವಿಲ್ಲ ಎಂದು ಗೊತ್ತು. ಆದರೂ ಹೇಳುತ್ತಿದ್ದೇನೆ: ಪುಟ ಕಳಿಸಿದರೆ ನೋಡುತ್ತೇನೆ. ಎಷ್ಟಿದ್ದರೂ.

ಮಗಳು


ಮೇ ೭, ಗುರುವಾರ

ಮಗಳೇ,

ನಿನ್ನ ಪತ್ರ ಬಂದ ಮೇಲೆ ದಿನಾ ಸಂಜೆ ರಸ್ತೆಯ ತಿರುವಿನವರೆಗೆ ಹೋಗಿ ಬರುತ್ತಿದ್ದೇನೆ. ದರ್ಜಿ ಎಡಗಡೆ ನಡೆಯುತ್ತಾಳೆ. ಅವಳನ್ನು ನೋಡಬೇಕಾದರೆ ನಾನು ತಿರುಗಬೇಕು, ತಿರುಗದಿದ್ದರೆ ಮಾತು ನಿಲ್ಲಿಸಿಬಿಡುತ್ತಾಳೆ. ಅವಳು ಮಾತು ನಿಲ್ಲಿಸುವುದು ಅವಳಿಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಡಾಕ್ಟರು ಹೇಳಿಕೊಟ್ಟದ್ದಕ್ಕಿಂತ ಇದೇ ಹೆಚ್ಚು ಕೆಲಸ ಮಾಡುತ್ತಿದೆ.

ಎರಡು ಪರದೆ ಎಂದು ತೀರ್ಮಾನಿಸಿದ್ದೇನೆ. ಬಲಕ್ಕೆ ಮೂಲ, ಎಡಕ್ಕೆ ನನ್ನದು. ಮೂಲವನ್ನು ಬಲಕ್ಕೆ ಇಡಬೇಕೆಂದು ಓದಿದಾಗ ಸಿಟ್ಟು ಬಂತು. ನನ್ನ ಮೇಜಿನಲ್ಲಿ ಇಷ್ಟು ವರ್ಷ ಎಡಕ್ಕೆ ಇದ್ದದ್ದನ್ನು ನೀನು ಹೇಳಿದೆ ಎಂದು ತಿರುಗಿಸಬೇಕೇ ಎಂದು. ಎರಡು ದಿನ ಬಿಟ್ಟು ಇನ್ನೊಮ್ಮೆ ಓದಿದೆ. ಎಲ್ಲಿಯೂ ತಪ್ಪು ಸಿಗಲಿಲ್ಲ. ಹುಡುಕಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಂಗಡಿಯವನಿಗೆ ಇನ್ನೂ ಹೇಳಿಲ್ಲ, ಉದ್ದನೆಯದು ಇನ್ನೂ ಮೇಜಿನ ಮೇಲೆಯೇ ಕೂತಿದೆ.

ಸಂಪಾದಕರು ಸೋಮವಾರ ಕೆಲಸಕ್ಕೆ ಬರುತ್ತಾರೆ. ಕತ್ತಿನ ಮಾತು ಎತ್ತುವುದಿಲ್ಲ. ನನಗೆ ಎಡಭಾಗ ಕಾಣುವುದಿಲ್ಲ, ಏಳನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸನ್ನು ಪೂರ್ತಿಯಾಗಿ ಬಿಟ್ಟಿದ್ದೆ, ನನ್ನ ಮಗಳು ಕಂಡುಹಿಡಿದಳು ಎನ್ನುತ್ತೇನೆ. ಪುಸ್ತಕ ನನ್ನ ಬಳಿಯೇ ಇರಲಿ, ಇನ್ನು ಮೇಲೆ ಪ್ರತಿ ಪುಟವೂ ಅವಳ ಕಣ್ಣಿಂದ ಹಾದು ನಿಮಗೆ ಬರುತ್ತದೆ, ತಡವಾಗುತ್ತದೆ, ಒಪ್ಪಿಗೆಯಾದರೆ ಹೇಳಿ ಎನ್ನುತ್ತೇನೆ. ಅವರು ಒಳ್ಳೆಯವರು, ಆದರೆ ಅವರಿಗೂ ಮೇಲಿನವರಿದ್ದಾರೆ. ಒಪ್ಪದೆ ಇರಬಹುದು. ಒಪ್ಪದಿದ್ದರೆ ಇದೇ ನನ್ನ ಕೊನೆಯ ಪುಸ್ತಕ ಎಂದು ನನಗೆ ಗೊತ್ತು. ಇದನ್ನು ಎರಡು ಸಲ ಬರೆದು ಹೊಡೆದುಹಾಕಿದೆ, ಮೂರನೆಯ ಸಲ ಹಾಗೇ ಬಿಟ್ಟಿದ್ದೇನೆ.

ನೀನು ತಿದ್ದಿದ್ದಕ್ಕೆಲ್ಲ ತಲೆಯಾಡಿಸುತ್ತೇನೆ ಎಂದು ತಿಳಿಯಬೇಡ. ವಾದ ಮಾಡುತ್ತೇನೆ. ಓದಿದ ಮೇಲೆ ಮಾಡುತ್ತೇನೆ.

ಇನ್ನು ಹೆಂಡತಿ. ನೀನು ಮಾಡಲಾರೆ ಎಂದದ್ದು ಒಳ್ಳೆಯದಾಯಿತು, ನಾನು ಕೇಳುವವಳಿದ್ದೆ. ಅವಳನ್ನು ನಾನೇ ಮಾಡುತ್ತೇನೆ. ಗಂಡನದ್ದನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಉತ್ತರ ಬರದವನು ಮಾತಾಡುವ ಹಾಗೆ ಬರೆದಿದ್ದೆ, ಉತ್ತರ ಕೇಳಿಸಿಕೊಳ್ಳದವನು ಮಾತಾಡುವ ಹಾಗೆ ಬರೆಯಬೇಕಿತ್ತು. ಆದರೆ ಅವಳ ಸಾಲುಗಳನ್ನು ಕಾಗದದಲ್ಲಿ ಹುಡುಕಿ ಹುಡುಕಿ ಓದಿದರೆ ಅವಳು ನನಗೆ ಗುಡ್ಡೆ ಹಾಕಿದ ಪದಗಳ ಹಾಗೆ ಸಿಗುತ್ತಾಳೆ, ದನಿ ಸಿಗುವುದಿಲ್ಲ. ನೀನು ಫೋನಿನಲ್ಲಿ ಓದಿ ಹೇಳಬೇಕು. ನಾನು ಗಂಡನ ಸಾಲು ಓದುತ್ತೇನೆ, ನೀನು ಅವಳದ್ದು ಓದು. ಆ ಭಾಷೆಯಲ್ಲೇ, ನಿಧಾನವಾಗಿ. ನಡು ನಡುವೆ ನಾನು ನಿಲ್ಲಿಸು ಎನ್ನುತ್ತೇನೆ, ಆಗ ನಿಲ್ಲಿಸು. ಹನ್ನೊಂದು ಪುಟ ಎಷ್ಟು ದಿನ ಹಿಡಿದರೂ ಹಿಡಿಯಲಿ.

ಸೋಮವಾರ ಬೆಳಿಗ್ಗೆ ಮೊದಲು ಅವರಿಗೆ ಫೋನು ಮಾಡುತ್ತೇನೆ, ಆಮೇಲೆ ನಿನಗೆ. ಅವರು ಬೇಡವೆಂದರೂ ನಿನಗೆ ಮಾಡುತ್ತೇನೆ. ಪುಸ್ತಕ ಹೋದರೂ ಆ ಅಧ್ಯಾಯವನ್ನು ನಾವು ಮುಗಿಸೋಣ. ಮೂಲದ ಪುಟಗಳನ್ನು ಹತ್ತಿರ ಇಟ್ಟುಕೊಂಡಿರು.

ಅಮ್ಮ